ಬಿಳಿ ಬಟ್ಟೆಗೆ ಹತ್ತಿದ ಬಣ್ಣವೂ ಹುಡುಗನ ಸಂಬಳವೂ

ಕಳೆದ ಮಳೆಗಾಲದಲ್ಲಿ ನಮ್ಮ ಹೋಟೇಲಿನಲ್ಲಿ ನಡೆದ ಒಂದು ಸಣ್ಣ ಪ್ರಕರಣವನ್ನು ಸದಸ್ಯ ಬಾಂಧವರ ಮುಂದೆ ಇಡುತ್ತಿದ್ದೇವೆ. ಬಟ್ಟೆ ಒಗೆಯುವ ವಿಚಾರಕ್ಕೆ ಪತ್ರಿಕೆಯ ಎರಡು ಪುಟ ಬೇಕೇ ಎಂದು ಕೆಲವರು ಕೇಳಬಹುದು. ಗ್ಯಾಸಿನ ದರ, ಲೈಸೆನ್ಸು, ಜಿಎಸ್‌ಟಿ, ಆನ್‌ಲೈನ್ ಡೆಲಿವರಿಯವರ ಕಮಿಷನ್ ಇವೆಲ್ಲ ಇರುವಾಗ ಏಪ್ರನ್ನಿನ ಕಲೆ ಯಾರಿಗೆ ಬೇಕು? ಆದರೆ ಈ ಕಲೆಯಿಂದಾಗಿ ನಾವು ಒಬ್ಬ ಒಳ್ಳೆಯ ಕೆಲಸದವನನ್ನು ಕಳೆದುಕೊಂಡೆವು. ಕೆಲಸದವರು ಸಿಗುವುದಿಲ್ಲ, ಸಿಕ್ಕವರು ನಿಲ್ಲುವುದಿಲ್ಲ ಎಂದು ಪ್ರತಿ ಸಭೆಯಲ್ಲೂ ಗೋಳಾಡುವವರು ನಾವೇ ಆದ್ದರಿಂದ ಬರೆಯುವುದು ಕರ್ತವ್ಯ ಎನಿಸಿತು.

ಸಂಗತಿ ಇಷ್ಟು. ಟೇಬಲ್ ಒರೆಸಲು ಹೊಸದಾಗಿ ಎರಡು ಡಜನ್ ಕೆಂಪು ಬಟ್ಟೆ ತಂದಿದ್ದೆವು. ಹೋಲ್‌ಸೇಲಿನಲ್ಲಿ ಅಗ್ಗಕ್ಕೆ ಸಿಕ್ಕಿತ್ತು, ಚೌಕಾಸಿ ಮಾಡಿ ಇನ್ನೂ ಅಗ್ಗ ಮಾಡಿಸಿದ್ದೆವು. ಎರಡನೇ ದಿನ ರಾತ್ರಿ ನಮ್ಮ ಕ್ಲೀನಿಂಗ್ ಹುಡುಗ ಅವನ್ನೂ, ಅಡುಗೆಯವರ ಬಿಳಿ ಏಪ್ರನ್‌ಗಳನ್ನೂ, ಸಪ್ಲೈಯರುಗಳ ಬಿಳಿ ಅಂಗಿಗಳನ್ನೂ, ಫ್ಯಾಮಿಲಿ ರೂಮಿನ ಟೇಬಲ್ ಬಟ್ಟೆಗಳನ್ನೂ ಒಟ್ಟಿಗೆ ಮೆಷಿನ್ನಿಗೆ ತುರುಕಿ, ಬಾಯ್ಲರಿನ ಬಿಸಿನೀರು ಬಿಟ್ಟ. ಬಿಸಿನೀರು ಹಾಕು, ಎಣ್ಣೆ ಜಿಡ್ಡು ಹೋಗುತ್ತದೆ ಎಂದು ಅವನಿಗೆ ಹೇಳಿಕೊಟ್ಟವರು ನಮ್ಮ ಮ್ಯಾನೇಜರರೇ. ಹೊರಗೆ ತೆಗೆಯುವಾಗ ಎಲ್ಲವೂ ಗುಲಾಬಿ. ಮದುವೆ ಮನೆಯ ಚಪ್ಪರದ ಬಟ್ಟೆಯ ಹಾಗೆ.

ಮ್ಯಾನೇಜರರು ಗಾಬರಿಯಲ್ಲಿ ನೀಲಿ ಹಾಕಿಸಿದರು. ಹಳದಿ ಬಿದ್ದ ಬಟ್ಟೆಗೆ ನೀಲಿ ಹಾಕಿದರೆ ಬಿಳಿ ಕಾಣುತ್ತದೆಂಬುದು ಎಲ್ಲರಿಗೂ ಗೊತ್ತು. ಆದರೆ ನೀಲಿ ಯಾವ ಕಲೆಯನ್ನೂ ತೆಗೆಯುವುದಿಲ್ಲ, ಹಳದಿಯನ್ನು ಕಣ್ಣಿಗೆ ಮರೆಮಾಚುತ್ತದೆ ಅಷ್ಟೆ. ಗುಲಾಬಿಯ ಮೇಲೆ ನೀಲಿ ಬಿದ್ದರೆ ಏನಾಗುತ್ತದೆ? ನೇರಳೆ. ಮರುದಿನ ಬೆಳಿಗ್ಗೆ ಇಡ್ಲಿ ತಟ್ಟೆ ಹಿಡಿದು ಬಂದ ಸಪ್ಲೈಯರನನ್ನು ನೋಡಿ ಗಿರಾಕಿಯೊಬ್ಬರು, "ಏನು, ಯೂನಿಫಾರಂ ಬದಲಾಯಿಸಿದಿರಾ?" ಎಂದು ಕೇಳಿದರು.

ಆ ಹುಡುಗ ಝಾರ್ಖಂಡಿನವನು, ಹತ್ತೊಂಬತ್ತು ವರ್ಷ. ನಮ್ಮಲ್ಲಿ ಎಂಟು ತಿಂಗಳಿಂದ ಇದ್ದ. ಹೇಳಿದ ಕೆಲಸ ಮಾಡುವವ, ಸುಳ್ಳು ಹೇಳದವ. ಆ ತಿಂಗಳ ಸಂಬಳದಲ್ಲಿ ಅವನಿಗೆ 1,200 ರೂಪಾಯಿ ಮುರಿದು, ಮುಂದಿನ ತಿಂಗಳು ಇನ್ನೂ 1,200 ಮುರಿಯುವುದೆಂದು ಮ್ಯಾನೇಜರರು ಬರೆದರು. ನಮ್ಮ ಬಳಿ ಕೇಳಿಯೇ ಬರೆದರು. ಗಲ್ಲಾದಲ್ಲಿ ಕುಳಿತಿದ್ದ ನಾವು ತಲೆ ಎತ್ತದೆ ಆಗಲಿ ಎಂದೆವು. ಹುಡುಗ, "ಸೇಠ್, ಬಣ್ಣ ಬಿಡುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ" ಎಂದು ಒಂದೇ ಮಾತು ಹೇಳಿದ. ಮೂರನೆಯ ದಿನ ಬೆಳಿಗ್ಗೆ ಐದು ಗಂಟೆಗೆ ನೋಡಿದರೆ ಅವನ ಟ್ರಂಕು ಇರಲಿಲ್ಲ.

ಆ ವಾರವೇ ನಮ್ಮ ಪರಿಚಯದವರೊಬ್ಬರು ಕಾಫಿಗೆ ಬಂದರು. ಕಾರ್ಕಳದ ಕಡೆಯವರು, ಭಿವಂಡಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ನೇರಳೆ ಅಂಗಿ ನೋಡಿ ನಕ್ಕರು. ಕೆಂಪು ಬಟ್ಟೆಯ ಒಂದು ತುಂಡು ತರಿಸಿ, ಬೆರಳಿನಿಂದ ನೀರು ಚಿಮುಕಿಸಿ, ಬಿಳಿ ಪೇಪರ್ ನ್ಯಾಪ್‌ಕಿನ್ನಿನ ಮೇಲೆ ಒತ್ತಿದರು. ನ್ಯಾಪ್‌ಕಿನ್ ಕೆಂಪಾಯಿತು. "ಇದು ಹುಡುಗನ ತಪ್ಪಲ್ಲ ಮಾರಾಯ್ರೆ, ನೀವು ತಂದ ಬಟ್ಟೆಯದ್ದು" ಎಂದರು. ಅರ್ಧ ನಿಮಿಷದ ಪರೀಕ್ಷೆ. ಬಟ್ಟೆ ಕೊಳ್ಳುವಾಗ ಅಂಗಡಿಯಲ್ಲೇ ನಿಂತು ಮಾಡಬಹುದಾಗಿತ್ತು.

ಅವರಿಂದ ತಿಳಿದದ್ದನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇವೆ. ಹತ್ತಿಗೆ ಹಾಕುವ ಬಣ್ಣಗಳೆಲ್ಲ ಒಂದೇ ಜಾತಿಯವಲ್ಲ. ರಿಯಾಕ್ಟಿವ್ ಬಣ್ಣಗಳು ನೂಲಿನೊಡನೆ ರಾಸಾಯನಿಕವಾಗಿಯೇ ಬೆಸೆದುಕೊಳ್ಳುತ್ತವೆ, ಸರಿಯಾಗಿ ತೊಳೆದು ಕೊಟ್ಟಿದ್ದರೆ ಮತ್ತೆ ಬಿಡುವುದಿಲ್ಲ. ಡೈರೆಕ್ಟ್ ಎಂಬ ಜಾತಿಯ ಬಣ್ಣ ಅಗ್ಗ, ಹಾಕುವುದೂ ಸುಲಭ, ಆದರೆ ನೂಲಿಗೆ ಸುಮ್ಮನೆ ಅಂಟಿಕೊಂಡಿರುತ್ತದೆ. ಬಿಸಿನೀರು, ಸಾಬೂನು ಸಿಕ್ಕಿದ ಕೂಡಲೇ ಇಳಿದು, ಪಕ್ಕದಲ್ಲಿರುವ ಬಿಳಿ ಹತ್ತಿಯನ್ನು ಹಿಡಿದುಕೊಳ್ಳುತ್ತದೆ. ಉಪ್ಪು, ವಿನೆಗರ್ ಹಾಕಿದ ನೀರಿನಲ್ಲಿ ನೆನೆಸಿದರೆ ಬಣ್ಣ ಗಟ್ಟಿಯಾಗುತ್ತದೆಂದು ನಮ್ಮ ಮನೆಗಳಲ್ಲಿ ಹೇಳುವುದುಂಟು. ನಾವೂ ನಂಬಿದ್ದೆವು. ಅಂಗಡಿಯಿಂದ ತಂದ ಹತ್ತಿ ಬಟ್ಟೆಯ ಬಣ್ಣ ಅದರಿಂದ ನಿಲ್ಲುವುದಿಲ್ಲವಂತೆ.

ಇನ್ನು ಹತ್ತಿದ ಬಣ್ಣ ತೆಗೆಯುವ ಕ್ರಮ. ಮೊದಲ ಮಾತು, ಚಂಡಿಯಾಗಿರುವ ಬಟ್ಟೆಯನ್ನು ಒಣಗಲು ಬಿಡಬಾರದು, ಇಸ್ತ್ರಿಯನ್ನಂತೂ ಮಾಡಲೇಬಾರದು. ಒಣಗಿ, ಇಸ್ತ್ರಿ ಬಿದ್ದ ಮೇಲೆ ಬಣ್ಣ ಬಿಡಿಸುವುದು ಬಹಳ ಕಷ್ಟ. ನಮ್ಮವರು ಸರಿಯಾಗಿ ಇದನ್ನೇ ಮಾಡಿದ್ದರು. ಬಣ್ಣ ಬಿಟ್ಟ ಬಟ್ಟೆಯನ್ನು ಹೆಕ್ಕಿ ಹೊರಗೆ ಹಾಕಿ, ಉಳಿದವನ್ನು ಕೂಡಲೇ ಒಳ್ಳೆಯ ಡಿಟರ್ಜೆಂಟಿನಲ್ಲಿ ಇನ್ನೊಮ್ಮೆ ಒಗೆದರೆ ಅರ್ಧ ಬಣ್ಣ ಅಲ್ಲಿಗೇ ಹೋಗುವುದುಂಟು.

ಉಳಿದದ್ದಕ್ಕೆ ಆಕ್ಸಿಜನ್ ಬ್ಲೀಚ್. ಸೋಡಿಯಂ ಪರ್‌ಕಾರ್ಬೊನೇಟ್ ಎಂಬ ಬಿಳಿ ಪುಡಿ. ನೀರಿಗೆ ಬಿದ್ದರೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗಿ ಒಡೆಯುತ್ತದೆ. ಬಿಸಿನೀರಿನಲ್ಲಿ, ಸುಮಾರು 50ರಿಂದ 60 ಡಿಗ್ರಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಹತ್ತು ಲೀಟರ್ ನೀರಿಗೆ 50ರಿಂದ 100 ಗ್ರಾಂ ಹಾಕಿ ರಾತ್ರಿಯಿಡೀ ನೆನೆಸಿಟ್ಟೆವು. ಅವಸರದ ಮದ್ದಲ್ಲ, ತಾಳ್ಮೆ ಬೇಕು. ಒಮ್ಮೆಗೆ ಹೋಗದಿದ್ದರೆ ಹೊಸ ನೀರಿನಲ್ಲಿ ಮತ್ತೊಮ್ಮೆ. ಇದರ ಒಂದು ಗುಣವೆಂದರೆ ಅಂಗಿಯ ಜೇಬಿನ ಮೇಲೆ ಹಸಿರು ನೂಲಿನಲ್ಲಿ ಹೆಣೆಸಿದ್ದ ನಮ್ಮ ಹೋಟೇಲಿನ ಹೆಸರು ಹಾಗೆಯೇ ಉಳಿಯಿತು. ರೇಷ್ಮೆ, ಉಣ್ಣೆಗೆ ಇದನ್ನು ಹಾಕಬಾರದು. ಕ್ಯಾಟರಿಂಗ್ ಮಾಡುವವರು ಮದುವೆಯಲ್ಲಿ ಬಡಿಸುವ ಭಟ್ಟರ ಮಡಿ ಪಟ್ಟೆಯನ್ನು ಇದರಲ್ಲಿ ಅದ್ದಿ ಆಮೇಲೆ ನಮ್ಮನ್ನು ಬೈಯಬಾರದು.

ನಾವೆಲ್ಲ ಮೊದಲು ಕೈಹಾಕುವುದು ಕ್ಲೋರಿನ್ ಬ್ಲೀಚಿಗೆ. ಬಾಟ್ಲಿಯಲ್ಲಿ, ಕ್ಯಾನಿನಲ್ಲಿ ಬರುವ ಸೋಡಿಯಂ ಹೈಪೋಕ್ಲೋರೈಟ್. ಬಣ್ಣ ತೆಗೆಯುತ್ತದೆ, ನಿಜ. ಜೊತೆಗೆ ನೂಲನ್ನೂ ತಿನ್ನುತ್ತದೆ. ತಣ್ಣೀರಿನಲ್ಲಿ ಚೆನ್ನಾಗಿ ತೆಳು ಮಾಡಿ ಹತ್ತು ಹದಿನೈದು ನಿಮಿಷ ಇಟ್ಟು ತೆಗೆಯುವುದು ಕ್ರಮ. ನಮ್ಮಲ್ಲಿ ಏನಾಗುತ್ತದೆ? ಹುಡುಗರು ಬಕೆಟಿಗೆ ಅಂದಾಜಿನಲ್ಲಿ ಸುರಿದು, ಮಲಗಿ, ಬೆಳಿಗ್ಗೆ ಎದ್ದು ತೆಗೆಯುತ್ತಾರೆ. ಏಪ್ರನ್ ನಾಲ್ಕು ತಿಂಗಳಲ್ಲಿ ಹಪ್ಪಳದ ಹಾಗೆ ಹರಿಯುತ್ತದೆ, ನಾವು ಬಟ್ಟೆ ಒಳ್ಳೆಯದಲ್ಲ ಎಂದು ಅಂಗಡಿಯವರನ್ನು ದೂರುತ್ತೇವೆ. ಬೋರಿನ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಬ್ಲೀಚಿನಿಂದ ಬಿಳಿಯಾಗುವ ಬದಲು ತುಕ್ಕಿನ ಹಳದಿ ಕೂರುತ್ತದೆ. ಕ್ಯಾನು ಬಿಸಿಲಿನಲ್ಲಿ, ಒಲೆಯ ಪಕ್ಕದಲ್ಲಿ ಇದ್ದರೆ ಶಕ್ತಿ ಕಳೆದುಕೊಂಡು ಬರೀ ಉಪ್ಪುನೀರಾಗುತ್ತಾ ಹೋಗುತ್ತದೆ. ಬ್ಲೀಚಿನ ಕೊನೆಗೆ ಹೈಪೋ ನೀರಿನಲ್ಲಿ ಜಾಲಿಸಿದರೆ ಉಳಿದ ಕ್ಲೋರಿನ್ ಸಾಯುತ್ತದೆ, ನೂಲು ಉಳಿಯುತ್ತದೆ. ಹಿಂದೆ ಫೋಟೋ ಸ್ಟುಡಿಯೋದವರು ಡಾರ್ಕ್ ರೂಮಿನಲ್ಲಿ ಇಟ್ಟುಕೊಳ್ಳುತ್ತಿದ್ದ ಅದೇ ಹೈಪೋ.

ಎರಡಕ್ಕೂ ಬಗ್ಗದ ಬಣ್ಣಕ್ಕೆ ಹೈಡ್ರೋಸ್. ಹೆಸರು ಕೇಳಿ ಕೆಲವರ ಹುಬ್ಬು ಏರಬಹುದು. ಹೌದು, ಊರಿನ ಆಲೆಮನೆಗಳಲ್ಲಿ ಕೆಲವರು ಬೆಲ್ಲ ಬೆಳ್ಳಗೆ ಕಾಣಲೆಂದು ಹಾಕುವುದು ಇದನ್ನೇ. (ಹೊಳೆಯುವ ಹಳದಿ ಬೆಲ್ಲವನ್ನೇ ಹುಡುಕುವ ಗಿರಾಕಿಯೂ ನಾವೇ, ಆ ಮಾತು ಇನ್ನೊಮ್ಮೆ.) ಬೆಲ್ಲಕ್ಕೆ ಹಾಕುವುದು ಪಾಪ, ಬಿಳಿ ಹತ್ತಿ ಬಟ್ಟೆಗೆ ಅದು ಕಾರ್ಖಾನೆಯವರ ಹಳೆಯ ಮದ್ದು. ಬಿಸಿನೀರು, ಸ್ವಲ್ಪ ವಾಷಿಂಗ್ ಸೋಡಾ, ಹೈಡ್ರೋಸ್. ಹತ್ತಿದ ಕೆಂಪು ಕಣ್ಣೆದುರೇ ಕರಗುವುದನ್ನು ನೋಡಿದೆವು. ಗಂಧಕದ ಕೆಟ್ಟ ವಾಸನೆ ಬರುತ್ತದೆ, ಕಿಟಕಿ ತೆರೆದಿರಬೇಕು. ಇದು ಬಿಳಿಗೆ ಮಾತ್ರ, ಹಸಿರು ಹೆಸರು ಹೆಣೆದ ಅಂಗಿಗೆ ಹಾಕಿದ್ದರೆ ಹೆಸರೂ ಹೋಗುತ್ತಿತ್ತು. ಡಬ್ಬಕ್ಕೆ ತೇವ ಹೋಗಬಾರದು. ನೀರು ತಾಗಿದ ಹೈಡ್ರೋಸ್ ಡಬ್ಬದೊಳಗೆ ತಾನೇ ಕಾದು ಬೆಂಕಿ ಹಿಡಿಯಬಹುದು. ಅಡುಗೆ ಕೋಣೆಯ ಶೆಲ್ಫಿನಲ್ಲಿ ಉಪ್ಪು, ಸೋಡಾ, ಅಜಿನೊಮೊಟೊ ಸಾಲಿನಲ್ಲಿ ಅದನ್ನು ಇಡುವವರು ಹೋಟೇಲು ನಡೆಸಲು ಯೋಗ್ಯರಲ್ಲ ಎಂದು ನೇರವಾಗಿಯೇ ಹೇಳುತ್ತೇವೆ.

ಒಂದು ಎಚ್ಚರಿಕೆಯನ್ನು ಇಲ್ಲಿ ಬರೆಯದಿದ್ದರೆ ತಪ್ಪಾಗುತ್ತದೆ. ಬ್ಲೀಚನ್ನು ಯಾವುದರ ಜೊತೆಗೂ ಸೇರಿಸಬಾರದು. ಟಾಯ್ಲೆಟ್ ತೊಳೆಯುವ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಹೈಡ್ರೋಸ್ ಸೇರಿದರೆ ಉಕ್ಕಿ ಕಾಯುತ್ತದೆ. ಹಿಂದೊಮ್ಮೆ ನಮ್ಮ ಮೋರಿಯಲ್ಲೇ ಒಬ್ಬ ಹುಡುಗ ಹೆಚ್ಚು ಬೆಳ್ಳಗಾಗಲೆಂದು ಬ್ಲೀಚಿನ ಮೇಲೆ ಆಸಿಡ್ ಸುರಿದು, ಕೆಮ್ಮಿ ಕೆಮ್ಮಿ ಹೊರಗೆ ಬಂದು ಮೆಟ್ಟಿಲ ಮೇಲೆ ಬಿದ್ದಿದ್ದ. ದೇವರ ದಯೆ, ಉಳಿದ. ಆಗಲೂ ನಾವು ಮಾಡಿದ್ದು ಅವನಿಗೆ ಬೈದದ್ದು. ಬಾಟ್ಲಿಯ ಮೇಲಿನ ಇಂಗ್ಲಿಷ್ ಅವನಿಗೆ ಓದಲು ಬರುತ್ತಿತ್ತೇ ಎಂದು ಕೇಳಲಿಲ್ಲ. ಕೈಗೆ ರಬ್ಬರ್ ಗ್ಲೌಸ್ ಕೊಟ್ಟಿರಲಿಲ್ಲ.

ಅಂತೂ ನಮ್ಮ ಬಟ್ಟೆಗಳ ಕಥೆ ಹೀಗೆ ಮುಗಿಯಿತು. ಅಂಗಿಗಳು ಟೆರಿಕಾಟನ್ನಿನವು. ಈ ಬಣ್ಣ ಹತ್ತಿಗೆ ಮಾತ್ರ ಹಿಡಿಯುವುದರಿಂದ ಅವಕ್ಕೆ ತೆಳುವಾಗಿಯೇ ಹತ್ತಿತ್ತು, ಪರ್‌ಕಾರ್ಬೊನೇಟಿನಲ್ಲಿ ಎರಡು ರಾತ್ರಿ ನೆನೆದು ಬಿಳಿಯಾದವು. ಏಪ್ರನ್, ಟೇಬಲ್ ಬಟ್ಟೆಗಳಲ್ಲಿ ಹೆಚ್ಚಿನವು ಹೈಡ್ರೋಸಿನಿಂದ ಸರಿಯಾದವು. ಇಸ್ತ್ರಿಯವನಿಗೆ ಕಳಿಸಿದ್ದ ಏಳು ಟೇಬಲ್ ಬಟ್ಟೆಗಳಲ್ಲಿ ಮಾತ್ರ ಇಂದಿಗೂ ಗುಲಾಬಿಯ ಛಾಯೆ ಇದೆ. ಮದ್ದಿಗೆ ಆದ ಒಟ್ಟು ಖರ್ಚು 340 ರೂಪಾಯಿ. ಹುಡುಗನಿಗೆ ನಾವು ಹಾಕಿದ ದಂಡ 2,400.

ಈಗ ನಮ್ಮ ಅಭಿಪ್ರಾಯ ಹೇಳುತ್ತೇವೆ. ಅಗ್ಗದ ಬಟ್ಟೆ ತಂದವರು ನಾವು. ಬಿಸಿನೀರು ಹಾಕಿಸಿದವರು ನಮ್ಮ ಮ್ಯಾನೇಜರು. ಬಣ್ಣದ್ದು ಬೇರೆ, ಬಿಳಿಯದ್ದು ಬೇರೆ ಎಂದು ಹೇಳಿಕೊಡದವರು ನಾವೆಲ್ಲರೂ. ಹಣ ಕೊಟ್ಟವನು ಮಾತ್ರ ಈ ಮೂರರಲ್ಲಿ ಯಾವುದನ್ನೂ ಮಾಡದವನು. ಇದು ಯಾವ ನ್ಯಾಯ?

ಶಿಸ್ತು ಬೇಡವೇ, ದಂಡವಿಲ್ಲದಿದ್ದರೆ ಹುಡುಗರು ತಲೆಯ ಮೇಲೆ ಕೂರುತ್ತಾರೆ ಎನ್ನುವ ಹಿರಿಯ ಸದಸ್ಯರಿದ್ದಾರೆ. ಅವರ ಅನುಭವಕ್ಕೆ ನಾವು ತಲೆಬಾಗುತ್ತೇವೆ. ಬೇಕೆಂದೇ ಹಾಳು ಮಾಡುವವನ, ಕದಿಯುವವನ ಮಾತು ಬೇರೆ. ಆದರೆ ನಮ್ಮಲ್ಲಿ ಅನೇಕರು ಮುಂಬಯಿಗೆ ಬಂದದ್ದೇ ಹಾಫ್ ಚಡ್ಡಿಯಲ್ಲಿ, ಕಪ್ಪು ಬಸಿ ತೊಳೆಯುವ ಕೆಲಸಕ್ಕೆ. ಹಗಲು ಟೇಬಲ್ ಒರೆಸಿ, ರಾತ್ರಿ ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ತೂಕಡಿಸಿ ಕಲಿತವರು. ಒಡೆದ ಕಪ್ಪಿಗೆ ಸಂಬಳ ಮುರಿದ ಧಣಿಯನ್ನು ನೆನೆದು ಇವತ್ತಿಗೂ ನಾಲ್ಕು ಮಾತು ಹೇಳದ ಹಿರಿಯರು ನಮ್ಮಲ್ಲಿ ಎಷ್ಟು ಜನರಿದ್ದಾರೆ? ಕಪ್ಪಿನ ಬೆಲೆ ಅವರು ಮರೆತಿದ್ದಾರೆ, ಮುರಿದದ್ದನ್ನು ಮರೆತಿಲ್ಲ. ಈಗ ಊರಿನ ಹುಡುಗರು ಬರುವುದಿಲ್ಲ. ಒಡಿಶಾ, ಝಾರ್ಖಂಡ್, ಬಿಹಾರ, ಅಸ್ಸಾಮಿನಿಂದ ಬರುತ್ತಾರೆ. ಭಾಷೆ ಬದಲಾಗಿದೆ, ಟ್ರಂಕು ಅದೇ.

ಕಾಯಿದೆಯ ಮಾತೂ ಇದೆ. 1936ರ ವೇತನ ಪಾವತಿ ಕಾಯಿದೆಯ ಕಾಲದಿಂದಲೂ ವಸ್ತು ಹಾಳಾದುದಕ್ಕೆ ಸಂಬಳ ಮುರಿಯಬೇಕಾದರೆ, ಆ ನಷ್ಟ ನೌಕರನ ನಿರ್ಲಕ್ಷ್ಯದಿಂದಲೇ ಆಗಿರಬೇಕು, ಮುರಿಯುವ ಮೊದಲು ಅವನ ವಿವರಣೆ ಕೇಳಬೇಕು, ನಷ್ಟಕ್ಕಿಂತ ಹೆಚ್ಚು ಮುರಿಯಬಾರದು ಎಂದಿದೆ. ಅದರ ಜಾಗಕ್ಕೆ ಬಂದು 2025ರ ನವೆಂಬರ್ 21ರಿಂದ ಜಾರಿಯಾದ 2019ರ ವೇತನ ಸಂಹಿತೆಯಲ್ಲೂ ವಿವರಣೆಗೆ ಅವಕಾಶ ಕೊಡಬೇಕೆಂಬುದು ಉಳಿದಿದೆ. ಗಲ್ಲಾದಲ್ಲಿ ತಲೆ ಎತ್ತದೆ ಆಗಲಿ ಎಂದದ್ದನ್ನು ವಿವರಣೆ ಕೇಳಿದ್ದೆಂದು ಯಾವ ಅಧಿಕಾರಿಯೂ ಒಪ್ಪಲಾರ.

ಈ ಗಲಾಟೆಯೇ ಬೇಡ, ಕಪ್ಪು ಟೀ ಶರ್ಟು, ಮೆರೂನ್ ಏಪ್ರನ್ ಮಾಡಿಬಿಡಿ ಎಂಬ ಸಲಹೆಯನ್ನು ನಮ್ಮ ಮಗನೇ ಕೊಟ್ಟ. ಹೊಸ ಹೋಟೇಲುಗಳಲ್ಲಿ ಅದೇ ನಡೆಯುತ್ತಿದೆ. ನಮಗೆ ಒಪ್ಪಿಗೆಯಿಲ್ಲ. ಬಿಳಿ ಅಂಗಿ, ಬಿಳಿ ಪಂಚೆ, ಹೆಗಲಿಗೊಂದು ಬೈರಾಸು ಕಂಡರೆ ಇಲ್ಲಿ ಶುಚಿಯಾದ ಊಟ ಸಿಗುತ್ತದೆಂದು ಗಿರಾಕಿ ನಂಬಿ ಒಳಗೆ ಬಂದ ಕಾಲದಿಂದ ಬಂದವರು ನಾವು. ಬಿಳಿಯಲ್ಲಿ ಕೊಳೆ ಕಾಣುತ್ತದೆ, ಕಂಡರೆ ತೊಳೆಯುತ್ತೇವೆ. ಕಪ್ಪಿನಲ್ಲಿ ಮೂರು ದಿನದ ಜಿಡ್ಡು ಕಾಣುವುದಿಲ್ಲ, ಮೂಗಿಗೆ ಮಾತ್ರ ಗೊತ್ತಾಗುತ್ತದೆ. ಮಗನ ಜೊತೆ ಈ ವಾದ ಇನ್ನೂ ಮುಗಿದಿಲ್ಲ.

ಬಿಳಿ ಇಟ್ಟುಕೊಂಡರೆ ನಮ್ಮ ಅಡುಗೆಯ ಕಲೆಗಳ ಸ್ವಭಾವವನ್ನೂ ತಿಳಿದಿರಬೇಕು. ಸಾಂಬಾರಿನ ಅರಸಿನ ಬಿದ್ದ ಬಟ್ಟೆಗೆ ಸಾಬೂನು ತಾಗಿದ ಕೂಡಲೇ ಕೆಂಪಾಗುತ್ತದೆ. ಹೊಸ ಹುಡುಗ ಹೆದರಿ ಇನ್ನಷ್ಟು ಸಾಬೂನು ಉಜ್ಜುತ್ತಾನೆ, ಇನ್ನಷ್ಟು ಕೆಂಪು. ಅದು ಅರಸಿನದ ಗುಣ, ಕ್ಷಾರಕ್ಕೆ ಕೆಂಪಾಗಿ, ಲಿಂಬೆ ಹಿಂಡಿದರೆ ಹಳದಿಗೆ ಮರಳುತ್ತದೆ. ಒಗೆದು ಬಿಸಿಲಿಗೆ ಹಾಕಿದರೆ ಸೂರ್ಯನೇ ಅದನ್ನು ತಿಂದು ಮುಗಿಸುತ್ತಾನೆ, ಬ್ಲೀಚು ಬೇಕಿಲ್ಲ. ಮುಂಬಯಿಯ ಮಳೆಗಾಲದ ನಾಲ್ಕು ತಿಂಗಳು ಸೂರ್ಯನೇ ಸಿಗುವುದಿಲ್ಲ ಎಂಬುದಷ್ಟೇ ಕಷ್ಟ. ಬಾಳೆಯ ಕರೆ ಮಾತ್ರ ಹೋಗುವುದಿಲ್ಲ. ಊರಿನಲ್ಲಿ ಬಾಳೆಗೊನೆ ಹೊತ್ತವರಿಗೆಲ್ಲ ಗೊತ್ತು. ಬಾಳೆಯೆಲೆ ಕತ್ತರಿಸುವವನಿಗೆ ಬಿಳಿ ಅಂಗಿ ಕೊಡುವುದೇ ದಡ್ಡತನ. ಹಿಂದಿನ ಧೋಬಿಗಳು ಬಟ್ಟೆಗೆ ಗುರುತು ಹಾಕಲು ಕೇರುಬೀಜದ ರಸ ಬಳಸುತ್ತಿದ್ದದ್ದು ಅದು ಎಷ್ಟು ಒಗೆದರೂ ಹೋಗದೆಂದೇ.

ಚೈನೀಸ್ ವಿಭಾಗದ ಏಪ್ರನ್ನಿನಲ್ಲಿ ಒಗೆದರೂ ಹೋಗದ ಕೆಂಪು ಕಂಡರೆ ಮಾತ್ರ ಬಟ್ಟೆಯನ್ನು ಬಿಟ್ಟು ಪಾತ್ರೆಯನ್ನು ನೋಡಬೇಕು. 2024ರ ಮಾರ್ಚಿನಲ್ಲಿ ಕರ್ನಾಟಕ ಸರಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣವನ್ನೂ, ಬಾಂಬೆ ಮಿಠಾಯಿಗೆ ರೋಡಮೈನ್ ಬಿ ಬಣ್ಣವನ್ನೂ ನಿಷೇಧಿಸಿತು. ಆ ರೋಡಮೈನ್ ಬಟ್ಟೆಗೆ ಹಾಕುವ ಬಣ್ಣ. ಬಟ್ಟೆಗೆ ಹಾಕುವುದನ್ನು ಹೊಟ್ಟೆಗೆ ಹಾಕಿದವರಿಂದ ನಮ್ಮ ಇಡೀ ಉದ್ಯಮಕ್ಕೆ ಹೆಸರು ಕೆಟ್ಟಿತು.

ಸಂಘಕ್ಕೆ ನಮ್ಮದೊಂದು ಕೋರಿಕೆ. ಗೋಧಿ, ಎಣ್ಣೆಗೆ ಒಟ್ಟಾಗಿ ದರ ಕೇಳುವ ಹಾಗೆ ಬಣ್ಣ ಬಿಡದ ಒರೆಸುವ ಬಟ್ಟೆಯನ್ನೂ ಸದಸ್ಯರಿಗಾಗಿ ಒಟ್ಟಾಗಿ ತರಿಸಲಿ. ಮೆಷಿನ್ನಿನ ಮೇಲೆ ಅಂಟಿಸಲು ಹಿಂದಿಯಲ್ಲಿ, ಓದಲು ಬಾರದವರಿಗೆ ಚಿತ್ರದಲ್ಲಿ, ಒಂದು ಹಾಳೆ ಅಚ್ಚು ಮಾಡಿಸಲಿ. ಅಚ್ಚಿನ ಖರ್ಚು ನಮ್ಮ ಮೇಲಿರಲಿ.

ಹುಡುಗನ ವಿಚಾರ. ಅವನ ಊರಿನವನೇ ಇನ್ನೊಬ್ಬ ನಮ್ಮ ತಂದೂರಿನಲ್ಲಿದ್ದಾನೆ. ಅವನ ಕೈಯಲ್ಲಿ ಮುರಿದ 1,200 ರೂಪಾಯಿಯನ್ನೂ, ಆ ತಿಂಗಳಲ್ಲಿ ಬಾಕಿ ಉಳಿದಿದ್ದ ದಿನಗಳ ಸಂಬಳವನ್ನೂ ಕಳಿಸಿ, ತಪ್ಪು ನಮ್ಮದು, ಬರುವುದಾದರೆ ಬಾ ಎಂದು ಹೇಳಿಸಿದೆವು. ಹಣ ತೆಗೆದುಕೊಂಡ. ಬರಲಿಲ್ಲ. ಎರಡು ಸ್ಟೇಷನ್ ಆಚೆ ನಮ್ಮದೇ ಸಂಘದ ಸದಸ್ಯರೊಬ್ಬರ ಹೋಟೇಲಿನಲ್ಲಿ ಸೇರಿದ್ದಾನೆಂದು ಆಮೇಲೆ ತಿಳಿಯಿತು. ಆ ಸದಸ್ಯರು ಇದನ್ನು ಓದುತ್ತಿದ್ದರೆ, ಹುಡುಗ ಒಳ್ಳೆಯವನು, ಬಿಳಿ ಬಟ್ಟೆ ಬೇರೆ ಒಗೆಯುವುದನ್ನು ಈಗ ಚೆನ್ನಾಗಿ ಕಲಿತಿದ್ದಾನೆ.